ಹೊಸ ಕಾಫಿ ತಳಿಗಾಗಿ ಮರುನಾಟಿಯನ್ನು ಮುಂದೂಡಬೇಕೇ?

ಹಳೆಯ ಅರೇಬಿಕಾ ಗಿಡಗಳನ್ನು ಕಿತ್ತು ಈಗಲೇ ಮರುನಾಟಿ ಮಾಡಬೇಕೇ ಅಥವಾ ಬದಲಾಗುತ್ತಿರುವ ಹವಾಮಾನವನ್ನು ತಾಳಿಕೊಳ್ಳುವ ಹೊಸ ತಳಿ ಬರುವವರೆಗೆ ಕಾಯಬೇಕೇ ಎಂದು ತಾವು ಕೇಳಿದ್ದೀರಿ. ಚಿಕ್ಕಮಗಳೂರು ಜಿಲ್ಲೆಯ ಒಬ್ಬ ಬೆಳೆಗಾರನಾಗಿ ಹೇಳುವುದಾದರೆ, ಕಾಯುವುದರಲ್ಲಿ ಅರ್ಥವಿಲ್ಲ.

ಕಾಫಿಯಲ್ಲಿ ತಳಿ ಅಭಿವೃದ್ಧಿ ಬಹಳ ನಿಧಾನದ ಕೆಲಸ. ಸಂಕರಣದಿಂದ ಹುಟ್ಟಿದ ಸಸಿ ಫಸಲಿಗೆ ಬರಲು ಮೂರು ನಾಲ್ಕು ವರ್ಷ ಬೇಕು. ಹಲವು ಫಸಲುಗಳನ್ನು ನೋಡಿ ಉತ್ತಮ ಗಿಡಗಳನ್ನು ಆರಿಸಿ, ಅವುಗಳ ಬೀಜದಿಂದ ಮುಂದಿನ ಪೀಳಿಗೆ ಬೆಳೆಸಿ, ಹೀಗೆ ನಾಲ್ಕೈದು ಪೀಳಿಗೆ ದಾಟಿಸಿ ಗುಣಗಳು ಸ್ಥಿರಗೊಳ್ಳುವಷ್ಟರಲ್ಲಿ ಸುಮಾರು 25 ವರ್ಷ ಕಳೆದಿರುತ್ತದೆ. ಮಧ್ಯ ಅಮೆರಿಕದಲ್ಲಿ ಮೊದಲ ಪೀಳಿಗೆಯ ಸಂಕರ ಗಿಡಗಳನ್ನೇ ಅಂಗಾಂಶ ಕೃಷಿಯಿಂದ (ಗಿಡದ ಚಿಕ್ಕ ತುಣುಕನ್ನು ಪ್ರಯೋಗಾಲಯದಲ್ಲಿ ಬೆಳೆಸಿ) ವೃದ್ಧಿಸಿ ರೈತರಿಗೆ ಕೊಡುವ ಮೂಲಕ ಈ ಅವಧಿಯನ್ನು ಕಡಿಮೆ ಮಾಡಿದ್ದಾರಾದರೂ, ಅಂತಹ ಸಸಿ ದುಬಾರಿ, ಮತ್ತು ಅದರ ಬೀಜ ಬಿತ್ತಿದರೆ ತಾಯಿಗಿಡದ ಗುಣ ಉಳಿಯುವುದಿಲ್ಲ.

1925ರಲ್ಲಿ ಬಾಳೆಹೊನ್ನೂರಿನಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರದ ಇತಿಹಾಸವನ್ನು ಗಮನಿಸಿದರೆ, ಅಲ್ಲಿನ ಶ್ರಮದ ಬಹುಪಾಲು ಎಲೆ ತುಕ್ಕು ರೋಗದ ಬೆನ್ನು ಹತ್ತಿಯೇ ಸಾಗಿದೆ. ಎಸ್.288 ಮತ್ತು ಕೆಂಟ್ಸ್ ಎಂಬ ಅರೇಬಿಕಾ ತಳಿಗಳ ಸಂಕರಣದ ಎಸ್.795 ಇಂದಿಗೂ ರುಚಿಗೆ ಹೆಸರಾಗಿದೆ, ಆದರೆ ತುಕ್ಕು ರೋಗದ ಹೊಸ ಪ್ರಭೇದಗಳಿಗೆ ಅದು ತಲೆಬಾಗಿತು. 1980ರ ದಶಕದ ಕಾವೇರಿ ತಳಿಯ ಗತಿಯೂ ಅದೇ ಆಯಿತು. 2007ರಲ್ಲಿ ಬಿಡುಗಡೆಯಾದ ಚಂದ್ರಗಿರಿಯ ರೋಗನಿರೋಧಕ ಶಕ್ತಿ ಅವೆರಡಕ್ಕಿಂತ ಮೇಲು. ಆದರೂ ಕಾವೇರಿ ಮತ್ತು ಚಂದ್ರಗಿರಿ ಎರಡಕ್ಕೂ ಆ ಶಕ್ತಿ ಬಂದಿರುವುದು ಟಿಮೋರ್ ದ್ವೀಪದ ಒಂದೇ ಸಹಜ ಸಂಕರದಿಂದ ಎಂಬುದು ನನ್ನನ್ನು ಕಾಡುವ ಸಂಗತಿ; ತುಕ್ಕು ಆ ಶಕ್ತಿಯನ್ನು ಮೀರಿದರೆ ಎರಡೂ ಒಟ್ಟಿಗೆ ಸೋಲಬಹುದು. ಆದ್ದರಿಂದಲೇ ಇಡೀ ತೋಟವನ್ನು ಒಂದೇ ತಳಿಗೆ ಒಪ್ಪಿಸಬೇಡಿ ಎನ್ನುತ್ತೇನೆ.

ಇನ್ನು ಹವಾಮಾನವನ್ನು ತಾಳುವುದು ತುಕ್ಕು ನಿರೋಧದಂತೆ ಕೆಲವೇ ವಂಶವಾಹಿಗಳ ಮಾತಲ್ಲ. ಹೂವರಳಿಸುವ ಹೂಮಳೆ ಹೊತ್ತಿಗೆ ಮುಂಚೆ ಬಿದ್ದು, ಅದರ ಬೆನ್ನಿಗೆ ಬರಬೇಕಾದ ಬ್ಯಾಕಿಂಗ್ ಮಳೆ ಕೈಕೊಟ್ಟರೆ ಕಾಯಿ ಕಚ್ಚುವುದಿಲ್ಲ. ಮಳೆಗಾಲದಲ್ಲಿ ಬಿಡುವಿಲ್ಲದೆ ಸುರಿದರೆ ಕೊಳೆರೋಗ ಬಂದು ಕಾಯಿ ಉದುರುತ್ತದೆ. ನೆರಳು ತೆಳುವಾದೆಡೆ ಬಿಸಿಲೇರಿದರೆ ಕಾಂಡ ಕೊರೆಯುವ ಹುಳುವಾದ ಬಿಳಿ ಕಾಂಡಕೊರಕ ಹೆಚ್ಚುತ್ತದೆ, ಚಂದ್ರಗಿರಿಯೂ ಅದಕ್ಕೆ ಹೊರತಲ್ಲ. ಇವೆಲ್ಲಕ್ಕೂ ಒಂದೇ ಗಿಡದಲ್ಲಿ ಉತ್ತರ ಹುಡುಕುವುದಕ್ಕಿಂತ ಹದವಾದ ನೆರಳು, ಬಸಿಗಾಲುವೆ ಮತ್ತು ಹೂವಿನ ಕಾಲಕ್ಕೆ ಕೆರೆಯಲ್ಲಿ ಒಂದಿಷ್ಟು ನೀರು ಇರುವಂತೆ ನೋಡಿಕೊಳ್ಳುವುದು ಹೆಚ್ಚು ಫಲ ಕೊಟ್ಟೀತು.

ತೋಟವನ್ನು ಹಂತ ಹಂತವಾಗಿ ಬದಲಿಸಿ. ಎತ್ತರದ, ತಂಪಾದ ಭಾಗಕ್ಕೆ ಚಂದ್ರಗಿರಿ ಮತ್ತು ಎಸ್.795 ಇರಲಿ, ತಗ್ಗಿನ ಸೆಖೆಯ ಭಾಗಕ್ಕೆ ಕಾಫಿಯ ಇನ್ನೊಂದು ಜಾತಿಯಾದ ರೋಬಸ್ಟಾ ಒಗ್ಗುತ್ತದೆ. ಅರೇಬಿಕಾ ಬಹುಮಟ್ಟಿಗೆ ಸ್ವಪರಾಗಸ್ಪರ್ಶದ ಬೆಳೆಯಾದ್ದರಿಂದ ಚೆನ್ನಾದ ತಾಯಿಗಿಡದ ಬೀಜ ಬಳಸಬಹುದು. ರೋಬಸ್ಟಾದಲ್ಲಿ ಹಾಗಲ್ಲ: ಅದು ಪರಪರಾಗದಿಂದಲೇ ಕಾಯಿ ಕಟ್ಟುವುದರಿಂದ ಬೀಜದ ಸಸಿಗಳು ಒಂದೊಂದು ಒಂದೊಂದು ಬಗೆಯಾಗುತ್ತವೆ, ಆಯ್ದ ಗಿಡದ ಗುಣವೇ ಬೇಕಿದ್ದರೆ ಕಸಿ ಅಥವಾ ಕಡ್ಡಿಯಿಂದ ಬೆಳೆಸಿದ ಸಸಿಯನ್ನೇ ನೆಡಬೇಕು.