ಅಜ್ಜಿಯ ತಿಥಿ ದಿನ ನಾಲ್ಕು ಮಾತಾಡಬೇಕು, ಏನು ಹೇಳಲಿ?

ನಿಮ್ಮ ಪ್ರಶ್ನೆ ಓದಿ ಸುಮ್ನೆ ಮುಂದೆ ಹೋಗೋಕೆ ಮನಸ್ಸಾಗಲಿಲ್ಲ. ಅಜ್ಜಿ ತೀರಿಕೊಂಡಿದ್ದಾರೆ, ಹನ್ನೊಂದನೇ ದಿನ ನೆಂಟರ ಮುಂದೆ ಮಾತಾಡಬೇಕು, ಆದರೆ "ಅವರು ಯಾವ ಸಾಧನೆಯನ್ನೂ ಮಾಡಿದವರಲ್ಲ, ಮಕ್ಕಳು ಮೊಮ್ಮಕ್ಕಳನ್ನ ಸಾಕಿದರು ಅಷ್ಟೇ" ಅಂತ ಬರೆದಿದ್ದೀರಿ. ಆ 'ಅಷ್ಟೇ' ಅನ್ನೋದು ನನ್ನನ್ನು ಹಿಡಿದು ನಿಲ್ಲಿಸಿತು.

ಮೂರು ವರ್ಷದ ಹಿಂದೆ ನಮ್ಮಜ್ಜಿ ತಿಥಿಯಲ್ಲಿ ನನಗೂ ಮಾತಾಡು ಅಂದರು. ಎದ್ದು ನಿಂತು ತ್ಯಾಗಮಯಿ, ಕರುಣಾಮಯಿ, ಮನೆಯ ದೀಪ ಅಂತೆಲ್ಲ ಹೇಳಿ ಕೂತೆ. ಎಲ್ಲರೂ ತಲೆ ಆಡಿಸಿದರು. ಕೂತ ಮೇಲೆ ಒಳಗೆ ಒಂಥರಾ ಸಂಕಟ. ಆ ಮಾತು ಯಾರ ಅಜ್ಜಿಗೆ ಬೇಕಾದರೂ ಹೊಂದುತ್ತಿತ್ತು. ನಮ್ಮಜ್ಜಿ ಅದರಲ್ಲಿ ಎಲ್ಲೂ ಇರಲಿಲ್ಲ. ಆಮೇಲೆ ನನ್ನ ದೊಡ್ಡ ಸೋದರತ್ತೆ ಎದ್ದು ಒಂದೇ ಮಾತು ಹೇಳಿದರು: "ನಮ್ಮವ್ವ ಮನೇಲಿ ಹುಳ ಇರೋಗಂಟ ಕಡ್ಡಿಪುಡಿ ಬಾಯಿಗೆ ಹಾಕ್ತಿರ್ಲಿಲ್ಲ." ಹಿಂದೆ ಕೂತಿದ್ದ ಹೆಂಗಸರೆಲ್ಲ ಸೆರಗನ್ನು ಕಣ್ಣಿಗೆ ಒತ್ತಿಕೊಂಡರು.

ಆ ಒಂದು ಮಾತಿಗೆ ಅವರೆಲ್ಲ ಯಾಕೆ ಅತ್ತರು ಅಂತ ನಿಮಗೆ ಗೊತ್ತಾಗಬೇಕಾದರೆ ಸ್ವಲ್ಪ ಹುಳದ ವಿಷಯ ಹೇಳಬೇಕು. ನಮ್ಮದು ಕನಕಪುರ ತಾಲ್ಲೂಕು. ಹಿಪ್ಪುನೇರಳೆ ಬೆಳೆದು, ರೇಷ್ಮೆ ಹುಳ ಸಾಕಿ, ಗೂಡನ್ನು ರಾಮನಗರದ ಮಾರುಕಟ್ಟೆಗೆ ಹಾಕೋ ಮನೆತನ. ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಇಡೀ ಗುಂಪನ್ನ ನಮ್ಮ ಕಡೆ ಒಂದು ಮೊಟ್ಟೆ ಅಂತ ಲೆಕ್ಕ ಹಿಡೀತಾರೆ, ಹಾಗಾಗಿ ನೂರು ಮೊಟ್ಟೆ ಅಂದರೆ ಸುಮಾರು 40,000 ಹುಳ. ಮೊಟ್ಟೆ ಒಡೆದ ದಿನದಿಂದ ಗೂಡು ಕಟ್ಟೋಕೆ 25 ದಿನದ ಮೇಲೆ ಬೇಕು. ಅಷ್ಟು ದಿನವೂ ಬೆಳಗಿನ ಜಾವ ಒಂದು ಸಲ, ರಾತ್ರಿ ಮಲಗೋ ಮುಂಚೆ ಒಂದು ಸಲ, ನಡುವೆ ಎರಡು ಸಲ ಸೊಪ್ಪು ಹಾಕಬೇಕು. ಇಡೀ ಬೆಳೆಗೆ ಬೇಕಾಗೋ ಸೊಪ್ಪಿನಲ್ಲಿ ನೂರಕ್ಕೆ 80 ಪಾಲು ಕೊನೆಯ ಒಂದು ವಾರದಲ್ಲೇ ಖರ್ಚಾಗುತ್ತೆ. ಆ ವಾರ ಅಜ್ಜಿ ಯಾವಾಗ ಮಲಗುತ್ತಿದ್ದಳೋ ನಮಗೆ ಯಾರಿಗೂ ಗೊತ್ತಿಲ್ಲ.

ಕಡ್ಡಿಪುಡಿ ಅಂದರೆ ಹೊಗೆಸೊಪ್ಪಿನ ಪುಡಿ. ಹೊಗೆಸೊಪ್ಪು ಅಂದರೆ ಹುಳಕ್ಕೆ ವಿಷ. ಅದು ಮುಟ್ಟಿದ ಕೈಯಲ್ಲಿ ಸೊಪ್ಪು ಹಾಕಿದರೂ ಸಾಕು, ಕಕ್ಕಿಕೊಂಡು ಸಾಯುತ್ತವೆ. ಅಜ್ಜಿಗೆ ಎಲೆ ಅಡಿಕೆ ಜೊತೆ ಕಡ್ಡಿಪುಡಿ ಇಲ್ಲದಿದ್ದರೆ ಜೀವವೇ ಇಲ್ಲ ಅನ್ನೋ ಹಾಗಿತ್ತು. ಆದರೆ ಚಾಕಿ ಹುಳ, ಅಂದರೆ ಎಳೆ ಹುಳ, ಮನೆಗೆ ಬಂದ ದಿನ ಆ ಡಬ್ಬಿ ತೆಗೆದು ಕೊಟ್ಟಿಗೆ ಸೂರಿಗೆ ಸಿಕ್ಕಿಸಿಬಿಡುತ್ತಿದ್ದಳು. ಗೂಡು ಬಿಡಿಸಿ ಮೂಟೆ ಕಟ್ಟಿದ ಮೇಲೇ ಅದು ಕೆಳಗೆ ಇಳಿಯುತ್ತಿದ್ದದ್ದು. ವರ್ಷಕ್ಕೆ ಐದು ಬೆಳೆ, ಹೀಗೆ ನಲವತ್ತು ವರ್ಷ. ಲೆಕ್ಕ ಹಾಕಿದರೆ ಇನ್ನೂರು ಸಲ. ಒಂದು ಸಲ ಚಟ ಬಿಡೋದೇ ಎಷ್ಟು ಕಷ್ಟ ಅಲ್ವಾ? ಆಮೇಲೆ ನನ್ನ ಮಗಳು ಹುಟ್ಟಿದಾಗ, ಮನೆಯಲ್ಲಿ ಹುಳ ಸಾಕೋದು ನಿಂತು ವರ್ಷಗಳೇ ಆಗಿದ್ದವು, ಅಜ್ಜಿ ಯಾರೂ ಹೇಳದೆ ಆ ಡಬ್ಬಿಯನ್ನು ಮತ್ತೆ ಸೂರಿಗೆ ಸಿಕ್ಕಿಸಿದಳು.

ತಾತ ಹೋದಾಗ ನಮ್ಮಪ್ಪನಿಗೆ ಎಂಟು ವರ್ಷ. ಕೊನೆಯ ಅತ್ತೆ ಇನ್ನೂ ಎದೆಹಾಲು ಕುಡಿಯುತ್ತಿತ್ತು. ಒಟ್ಟು ನಾಲ್ಕು ಮಕ್ಕಳು. ಗೂಡಿನ ಮೂಟೆ ಹೊತ್ತು ರಾಮನಗರಕ್ಕೆ ಹೋಗಿ ಹರಾಜಿನಲ್ಲಿ ನಿಲ್ಲೋ ಹೆಂಗಸರು ಆಗ ನಮ್ಮೂರಿನಲ್ಲಿ ಇರಲಿಲ್ಲ. ಅಜ್ಜಿ ಹೋದಳು. ರೇಟು ಕಡಿಮೆ ಕೂಗಿದರೆ ಮಾತಾಡದೆ ಮೂಟೆ ಬಾಯಿ ಕಟ್ಟುತ್ತಿದ್ದಳಂತೆ. ಅದನ್ನ ನೋಡಿಯೇ ರೀಲರ್‌ಗಳು, ಅಂದರೆ ಗೂಡು ಕೊಂಡು ನೂಲು ಬಿಚ್ಚೋರು, ರೇಟು ಏರಿಸುತ್ತಿದ್ದರು ಅಂತ ಅಪ್ಪ ಈಗಲೂ ಹೇಳುತ್ತಾರೆ.

ಆಮೇಲೆ ಊಜಿ ಬಂತು. 1980ರಲ್ಲಿ ಪಶ್ಚಿಮ ಬಂಗಾಳದ ಕಡೆಯಿಂದ ತಂದ ಗೂಡಿನ ಜೊತೆ ಕರ್ನಾಟಕಕ್ಕೆ ಕಾಲಿಟ್ಟ ನೊಣ ಅದು. ಹುಳದ ಮೈಮೇಲೆ ಮೊಟ್ಟೆ ಇಡುತ್ತೆ, ಮರಿ ಒಳಗೇ ತಿಂದು ಬೆಳೆಯುತ್ತೆ, ಗೂಡು ಕಟ್ಟಿದರೂ ತೂತು ಮಾಡಿಕೊಂಡು ಹೊರಗೆ ಬರುತ್ತೆ. ತೂತಾದ ಗೂಡಿನಲ್ಲಿ ನೂಲು ಬಿಚ್ಚೋಕೆ ಆಗಲ್ಲ. ನಮ್ಮ ಮನೆಗೆ ಅದು ನುಗ್ಗಿದ ವರ್ಷ ಎರಡು ಬೆಳೆ ಪೂರ್ತಿ ಹೋಯಿತು. ಊಜಿ ಮರಿಗಳು ನೆಲದ ಬಿರುಕಿನಲ್ಲಿ ಅಡಗುತ್ತವೆ ಅಂತ ಯಾರೋ ಹೇಳಿದ್ದಕ್ಕೆ ಅಜ್ಜಿ ಇಡೀ ಮನೆಯ ನೆಲ, ಗೋಡೆಬುಡ ಎಲ್ಲ ಮಣ್ಣು ಸಗಣಿ ಕಲಸಿ ಮೆತ್ತಿದಳು. ತನ್ನ ತೆಳು ಸೀರೆಗಳನ್ನ ಹೊಲಿದು ಕಿಟಕಿ ಬಾಗಿಲಿಗೆ ಪರದೆ ಮಾಡಿದಳು. ಉಡೋಕೆ ಎರಡೇ ಉಳಿದವು. ಹುಳ ಇಲ್ಲದ ದಿನ ಬೇರೆಯವರ ಹೊಲಕ್ಕೆ ಕಳೆ ಕೀಳೋಕೆ ಹೋದಳು. ನಾಲ್ಕು ಜನರಲ್ಲಿ ಒಬ್ಬರನ್ನೂ ಸ್ಕೂಲು ಬಿಡಿಸಲಿಲ್ಲ.

ಮೊಮ್ಮಕ್ಕಳಾದ ನಾವು ಕಂಡ ಅಜ್ಜಿಯ ಮುಖವೇ ಬೇರೆ. ಅವ್ವ ಗಾರ್ಮೆಂಟ್ಸ್‌ಗೆ, ಅಪ್ಪ ಲಾರಿ ಮೇಲೆ. ನಾನೂ ತಮ್ಮನೂ ಅಜ್ಜಿ ಹತ್ತಿರವೇ ಬೆಳೆದವರು. ಇರುವೆ ಹತ್ತದ ಹಾಗೆ ಹುಳದ ಸ್ಟ್ಯಾಂಡಿನ ಒಂದೊಂದು ಕಾಲಿನ ಕೆಳಗೂ ನೀರಿನ ಬಟ್ಟಲು ಇರುತ್ತೆ. ಅದಕ್ಕೆ ನೀರು ತುಂಬಿಸೋದು ನನ್ನ ಕೆಲಸ. ಅದೇ ಸ್ಟ್ಯಾಂಡಿನ ಪಕ್ಕ ಚಾಪೆ ಹಾಸಿಕೊಂಡು ಮಲಗೋದು.

ಹುಳ ಗೂಡು ಕಟ್ಟೋ ಮುಂಚೆ ನಾಲ್ಕು ಸಲ ಪೊರೆ ಬಿಡುತ್ತವೆ. ಅದಕ್ಕೆ ನಮ್ಮ ಕಡೆ ಜ್ವರ ಅಂತಾರೆ. ಜ್ವರಕ್ಕೆ ಕೂತ ಹುಳ ತಲೆ ಎತ್ತಿ ಅಲ್ಲಾಡದೆ ಇರುತ್ತೆ, ಒಂದು ದಿನ ಸೊಪ್ಪು ಮುಟ್ಟಲ್ಲ. ಆ ಒಂದು ದಿನ ಅಜ್ಜಿ ನಮ್ಮವಳು! ಹಿಪ್ಪುನೇರಳೆ ಕಡ್ಡಿ ಉರಿ ಹಾಕಿ ಹಂಡೆ ನೀರು ಕಾಯಿಸುತ್ತಿದ್ದಳು. ಇಬ್ಬರನ್ನೂ ಹಿತ್ತಲ ಕಲ್ಲಿನ ಮೇಲೆ ಕೂರಿಸಿ ತಲೆಗೆ ಹರಳೆಣ್ಣೆ ತಟ್ಟುತ್ತಿದ್ದಳು. ಸೊಪ್ಪು ಕಿತ್ತೂ ಕಿತ್ತೂ ಅವಳ ಬೆರಳ ತುದಿ ಬಿರಿದು ಗರಗಸದ ಹಾಗೆ ಆಗಿತ್ತು. ಅದಕ್ಕೆ ನನ್ನ ಕೂದಲು ಸಿಕ್ಕಿಕೊಳ್ಳೋದು. "ಅಜ್ಜಿ, ನೋವಾಗುತ್ತೆ" ಅಂದರೆ ಅಂಗೈ ತಿರುಗಿಸಿ ಕೈಯ ಹಿಂಬದಿಯಿಂದ ಸವರುತ್ತಿದ್ದಳು. ಆವತ್ತು ರಾತ್ರಿ ಒತ್ತು ಶಾವಿಗೆ, ಕಾಯಿಹಾಲು. ನಾವು ದಿನ ಬೆಳಗಾದರೆ "ಅಜ್ಜಿ, ಜ್ವರ ಯಾವಾಗ?" ಅಂತ ಕೇಳುತ್ತಿದ್ದೆವು.

ಇದನ್ನೆಲ್ಲ ನಾನು ತಿಥಿ ದಿನ ಹೇಳಬೇಕಿತ್ತು. ಹೇಳಲಿಲ್ಲ. ಆ ನೋವು ಇದೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಿಮಗೆ ಇನ್ನೂ ದಿನ ಇದೆ. ಇವತ್ತೇ ನಿಮ್ಮ ಅತ್ತೆಯಂದಿರಿಗೆ, ಅಜ್ಜಿ ಜೊತೆ ಕೆಲಸ ಮಾಡಿದ ಅಕ್ಕಪಕ್ಕದವರಿಗೆ ಫೋನ್ ಮಾಡಿ. ಅವರು ಎಷ್ಟು ಹೊತ್ತಿಗೆ ಏಳುತ್ತಿದ್ದರು, ಏನು ಇಷ್ಟ ಇದ್ದೂ ತಿನ್ನುತ್ತಿರಲಿಲ್ಲ, ಯಾರ ಮುಂದೆ ಗಟ್ಟಿಯಾಗಿ ನಿಂತರು, ಕೈ ಹೇಗಿತ್ತು, ಇಂಥದ್ದನ್ನ ಕೇಳಿ. ಅದರಲ್ಲಿ ಎರಡೇ ಎರಡು ಆರಿಸಿಕೊಂಡು ಹೇಳಿ. ದೊಡ್ಡ ಪದ ಬೇಡ. ಅಳು ಬಂದರೆ ಅಲ್ಲೇ ನಿಲ್ಲಿಸಿ, ಯಾರೂ ತಪ್ಪು ತಿಳಿಯಲ್ಲ.

ಕೊನೆಯ ಎರಡು ತಿಂಗಳು ಅಜ್ಜಿಗೆ ಹೊತ್ತು ಗೊತ್ತು ಇರಲಿಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ಕೂತು "ಹುಳಕ್ಕೆ ಸೊಪ್ಪು ಹಾಕಿದ್ರಾ?" ಅನ್ನೋಳು. ಮನೆಯಲ್ಲಿ ಹುಳ ಇಲ್ಲ ಅಂದರೆ ಗಾಬರಿಯಾಗಿ ಇಳಿಯೋಕೆ ನೋಡೋಳು. ಒಂದು ರಾತ್ರಿ ಅಪ್ಪ ಪಕ್ಕದಲ್ಲಿ ಕೂತು ಅವಳ ಕಾಲು ಒತ್ತುತ್ತಾ, "ಜ್ವರಕ್ಕೆ ಕೂತವೆ ಕಣವ್ವ, ಮಲಕ್ಕೋ" ಅಂದರು.

ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಒಲೆ ಹಚ್ಚು, ಹೈಕ್ಳ ತಲೆಗೆ ಎಣ್ಣೆ ಹಾಕ್ಬೇಕು" ಅಂದಳು. ಆಮೇಲೆ ಗೋಡೆ ಕಡೆ ತಿರುಗಿ ಬೆಳಗಿನ ತನಕ ಮಲಗಿದಳು.