ಪಾದವೈದ್ಯರ ಹೊಸ ಶಾಲೆ: ಸೇರುವ ಮುನ್ನ ಯಾವ ಲೆಕ್ಕ ಕೇಳಬೇಕು?

ಪ್ರಶ್ನೆ: ನನ್ನ ತಮ್ಮನ ಮಗಳು ಅಮೆರಿಕದ ಹ್ಯೂಸ್ಟನ್‌ನಲ್ಲಿ ಹುಟ್ಟಿ ಬೆಳೆದವಳು. ಜೀವಶಾಸ್ತ್ರದಲ್ಲಿ ಪದವಿ ಮುಗಿಸಿದ್ದಾಳೆ. ಅಲ್ಲಿನ ಮೂಲ ವೈದ್ಯ ಪದವಿಯಾದ ಎಂಡಿಗೆ ಸೀಟು ಸಿಗಲಿಲ್ಲ. ಈಗ ಟೆಕ್ಸಾಸಿನಲ್ಲೇ ಹಾರ್ಲಿಂಜನ್ ಎಂಬ ಊರಿನಲ್ಲಿ ಹೊಸದಾಗಿ ಶುರುವಾದ ಪೊಡಿಯಾಟ್ರಿ ಶಾಲೆಗೆ ಅರ್ಜಿ ಹಾಕುತ್ತೇನೆ ಎನ್ನುತ್ತಿದ್ದಾಳೆ. ಪಾದಕ್ಕೆಂದೇ ಬೇರೆ ವೈದ್ಯರಿರುತ್ತಾರೆಯೇ? ಅವರಿಗೆ ನಿಜವಾದ ಡಾಕ್ಟರರ ಸ್ಥಾನಮಾನ ಇರುತ್ತದೆಯೇ? ಇಂಥ ಶಾಲೆಗಳ ಧ್ಯೇಯೋದ್ದೇಶಗಳು ಓದಲು ಚೆನ್ನಾಗಿರುತ್ತವೆ. ಆದರೆ ಹೆಚ್ಚು ತಂಡಗಳು ಓದಿ ಹೊರಬಂದಿರದ ಶಾಲೆಯನ್ನು ಹೇಗೆ ನಂಬುವುದು?
– ಮೈಸೂರಿನ ಓದುಗರು

ಉತ್ತರ: ಮೊದಲು ನಿಮ್ಮ ಮನಸ್ಸಿನ ಅಳುಕನ್ನು ನಿವಾರಿಸುತ್ತೇನೆ. ಅಮೆರಿಕದಲ್ಲಿ ಪಾದ ಮತ್ತು ಕಣಕಾಲಿನ ಚಿಕಿತ್ಸೆಗೆ ಪ್ರತ್ಯೇಕ ವೈದ್ಯ ಪದವಿಯೇ ಇದೆ. ಡಾಕ್ಟರ್ ಆಫ್ ಪೊಡಿಯಾಟ್ರಿಕ್ ಮೆಡಿಸಿನ್, ಅಂದರೆ ಡಿಪಿಎಂ. ಸಾಮಾನ್ಯ ಪದವಿಯ ನಂತರ ನಾಲ್ಕು ವರ್ಷ ಓದು, ಆಮೇಲೆ ಮೂರು ವರ್ಷ ರೆಸಿಡೆನ್ಸಿ, ಅಂದರೆ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಲೇ ಪಡೆಯುವ ತರಬೇತಿ. ಆಣಿ ತೆಗೆಯುವುದರಿಂದ ಹಿಡಿದು ಮೂಳೆ ಜೋಡಿಸುವ ಶಸ್ತ್ರಚಿಕಿತ್ಸೆಯವರೆಗೆ ಅವರು ಮಾಡುತ್ತಾರೆ, ಔಷಧಿ ಬರೆದುಕೊಡುತ್ತಾರೆ. ನ್ಯೂಯಾರ್ಕಿನ ಶಾಲೆ 1911ರಷ್ಟು ಹಳೆಯದು. ನಮ್ಮಲ್ಲಿ ಡಿಪಿಎಂ ಎಂದರೆ ಮನೋವೈದ್ಯರ ಡಿಪ್ಲೊಮಾ ಎಂದೇ ಹಳಬರಿಗೆ ನೆನಪಾಗುತ್ತದೆ. ಬಂಧುಗಳಿಗೆ ಹೇಳುವಾಗ ಈ ಗೊಂದಲವನ್ನು ಮೊದಲೇ ಬಗೆಹರಿಸಿಬಿಡಿ.

ಒಂದು ಮಿತಿಯೂ ಉಂಟು. ಈ ವೈದ್ಯರು ಎಲ್ಲಿಯವರೆಗೆ ಕೈ ಹಾಕಬಹುದು ಎಂಬುದನ್ನು ಆಯಾ ರಾಜ್ಯದ ಕಾನೂನು ನಿರ್ಧರಿಸುತ್ತದೆ. ಟೆಕ್ಸಾಸಿನಲ್ಲಿ 'ಪಾದ' ಎಂದರೆ ಎಲ್ಲಿಂದ ಎಲ್ಲಿಗೆ ಎಂಬ ಪ್ರಶ್ನೆಯೇ ನ್ಯಾಯಾಲಯದ ಮೆಟ್ಟಿಲೇರಿತ್ತು. ಪಾದ ಎಂದರೆ ಕಣಕಾಲೂ ಸೇರಿದಂತೆ ಎಂದು ಅಲ್ಲಿನ ಪೊಡಿಯಾಟ್ರಿ ಮಂಡಳಿ 2001ರಲ್ಲಿ ನಿಯಮ ಮಾಡಿತು. ಮೂಳೆ ವೈದ್ಯರ ಸಂಘ ಅದನ್ನು ಪ್ರಶ್ನಿಸಿತು. 2008ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ನಿಯಮವನ್ನು ತಳ್ಳಿಹಾಕಿತು. ತಾನು ಮುಂದೆ ಎಲ್ಲಿ ವೃತ್ತಿ ನಡೆಸುತ್ತೇನೆ, ಅಲ್ಲಿನ ಕಾನೂನು ಏನು ಹೇಳುತ್ತದೆ ಎಂಬುದನ್ನು ನಿಮ್ಮ ತಮ್ಮನ ಮಗಳು ಈಗಲೇ ತಿಳಿದುಕೊಳ್ಳಲಿ.

ಈಗ ಶಾಲೆಯ ವಿಷಯ. ಹಾರ್ಲಿಂಜನ್ನಿನ ಶಾಲೆ ಟೆಕ್ಸಾಸ್ ರಿಯೊ ಗ್ರಾಂಡೆ ವ್ಯಾಲಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಆ ರಾಜ್ಯದ ಮೊದಲ ಪೊಡಿಯಾಟ್ರಿ ಶಾಲೆ. ಮೊದಲ ತಂಡ ಸೇರಿದ್ದು 2022ರಲ್ಲಿ. ಅದನ್ನು ಕಟ್ಟಲು ಮೊದಲು ಹೆಗಲು ಕೊಟ್ಟವರು ಡಾ. ಲಾರೆನ್ಸ್ ಹಾರ್ಕ್‌ಲೆಸ್. ಕ್ಯಾಲಿಫೋರ್ನಿಯಾದ ಪೊಮೋನಾದಲ್ಲಿ 2009ರಲ್ಲಿ ಶುರುವಾದ ಇನ್ನೊಂದು ಶಾಲೆಗೂ ಅವರೇ ಸ್ಥಾಪಕ ಡೀನ್. ಸಕ್ಕರೆ ಕಾಯಿಲೆಯವರ ಪಾದದ ಹುಣ್ಣು ಎಷ್ಟು ಆಳ, ಅದರಲ್ಲಿ ಸೋಂಕು ಇದೆಯೇ, ರಕ್ತ ಹರಿಯುತ್ತಿದೆಯೇ ಎಂದು ವಿಂಗಡಿಸುವ 'ಟೆಕ್ಸಾಸ್ ವರ್ಗೀಕರಣ'ವನ್ನು 1996ರಲ್ಲಿ ಪ್ರಕಟಿಸಿದ ಮೂವರಲ್ಲಿ ಅವರೂ ಒಬ್ಬರು. ಸಕ್ಕರೆ ಕಾಯಿಲೆಯವರ ಪಾದಗಳನ್ನೇ ನೋಡುತ್ತ ಬಂದಿರುವ ನನ್ನಂಥವರು ಆ ವರ್ಗೀಕರಣವನ್ನು ಇಂದಿಗೂ ಬಳಸುತ್ತೇವೆ.

ಶಾಲೆ ಅಲ್ಲೇ ಏಕೆ ಎಂಬುದಕ್ಕೆ ಆ ನೆಲವೇ ಉತ್ತರ. ಮೆಕ್ಸಿಕೊ ಗಡಿಗೆ ಅಂಟಿಕೊಂಡ ಆ ಕಣಿವೆಯಲ್ಲಿ ಬಡತನವೂ ಹೆಚ್ಚು, ಸಕ್ಕರೆ ಕಾಯಿಲೆಯೂ ಹೆಚ್ಚು. ಇವೆರಡೂ ಕೂಡಿದಲ್ಲಿ ಕಾಲು ಕತ್ತರಿಸುವ ಪ್ರಸಂಗಗಳೂ ಹೆಚ್ಚುತ್ತವೆ. ಇಂಥ ಕಡೆ ತೆರೆದ ಶಾಲೆಯ ಮೊದಲ ಗುರಿ ಪದವಿ ಕೊಡುವುದಷ್ಟೇ ಆಗಿರಲಾರದು; ಆ ಊರಿನ ಕಾಲುಗಳನ್ನು ಉಳಿಸಬಲ್ಲವರನ್ನು ತಯಾರು ಮಾಡುವುದೂ ಅದರ ಕೆಲಸ. ಇದನ್ನು ನಾನು ಮನಸಾರೆ ಒಪ್ಪುತ್ತೇನೆ. ಈ ಅರಿವಿಗೆ ನಮ್ಮ ನೆಲದ ನಂಟೂ ಇದೆ. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಹುಟ್ಟಿದ ಡಾ. ಪಾಲ್ ಬ್ರ್ಯಾಂಡ್ ವೆಲ್ಲೂರಿನಲ್ಲಿ ಕುಷ್ಠರೋಗಿಗಳ ಕೈಕಾಲು ಸರಿಪಡಿಸುತ್ತಿದ್ದವರು. ಬೆರಳುಗಳನ್ನು ನೇರವಾಗಿ ತಿನ್ನುವುದು ರೋಗವಲ್ಲ, ನೋವೇ ತಿಳಿಯದ ಕಾಲನ್ನು ರೋಗಿ ತನಗೇ ಗೊತ್ತಿಲ್ಲದೆ ಸವೆಸಿಕೊಳ್ಳುತ್ತಾನೆ ಎಂದು ಅವರು ತೋರಿಸಿಕೊಟ್ಟರು. 1966ರಲ್ಲಿ ಅಮೆರಿಕದ ಲೂಸಿಯಾನಾದ ಕಾರ್ವಿಲ್‌ನ ಕುಷ್ಠರೋಗ ಆಸ್ಪತ್ರೆಗೆ ಹೋದಾಗ ಅದೇ ತಿಳಿವಳಿಕೆಯನ್ನು ಸಕ್ಕರೆ ಕಾಯಿಲೆಯವರ ಜೋಮು ಹಿಡಿದ ಪಾದಗಳಿಗೆ ಅನ್ವಯಿಸಿದರು.

ಆದರೆ ಗುರಿ ದೊಡ್ಡದಿದ್ದ ಮಾತ್ರಕ್ಕೆ ಶಾಲೆ ಒಳ್ಳೆಯದಾಗುವುದಿಲ್ಲ. ಅಲ್ಲಿ ಈ ಶಾಲೆಗಳಿಗೆ ಮಾನ್ಯತೆ ಕೊಡುವ ಸಂಸ್ಥೆ ಕೌನ್ಸಿಲ್ ಆನ್ ಪೊಡಿಯಾಟ್ರಿಕ್ ಮೆಡಿಕಲ್ ಎಜುಕೇಷನ್. ಹೊಸ ಶಾಲೆಗೆ ಬಾಗಿಲು ತೆರೆದ ದಿನವೇ ಪೂರ್ಣ ಮಾನ್ಯತೆ ಸಿಗುವುದಿಲ್ಲ, ಅದು ಹಂತಹಂತವಾಗಿ ಬರಬೇಕು. ಈ ಶಾಲೆ ಇವತ್ತು ಯಾವ ಹಂತದಲ್ಲಿದೆ ಎಂಬುದನ್ನು ಆ ಸಂಸ್ಥೆಯ ಪಟ್ಟಿಯಲ್ಲೇ ನೋಡಿಕೊಳ್ಳಿ, ಶಾಲೆಯ ಕರಪತ್ರದಲ್ಲಿ ಅಲ್ಲ. ಇನ್ನೊಂದು ಲೆಕ್ಕ: 2022ರಲ್ಲಿ ಸೇರಿದವರ ನಾಲ್ಕು ವರ್ಷ ತುಂಬುವುದು 2026ರಲ್ಲಿ, ಅವರ ರೆಸಿಡೆನ್ಸಿ ಮುಗಿಯುವುದು 2029ರಲ್ಲಿ. 'ನಮ್ಮ ವಿದ್ಯಾರ್ಥಿಗಳು ಈ ಪ್ರದೇಶದಲ್ಲೇ ಉಳಿದು ಸೇವೆ ಮಾಡುತ್ತಾರೆ' ಎಂಬ ಮಾತು ನಿಜವೋ ಅಲ್ಲವೋ ಎಂದು ಅದಕ್ಕೆ ಮೊದಲು ಯಾರೂ ಹೇಳಲಾರರು.

ಪ್ರಶ್ನೆ: ನನ್ನ ಮಗ ಇಂಥ ಐದಾರು ಶಾಲೆಗಳ ಫಲಿತಾಂಶ ತೆಗೆದು ತೋರಿಸಿದ. ಒಂದರಲ್ಲಿ ರೆಸಿಡೆನ್ಸಿ ಸಿಕ್ಕವರು ನೂರಕ್ಕೆ ನೂರು, ಇನ್ನೊಂದರಲ್ಲಿ ತೊಂಬತ್ತಾರು. ನೂರು ಇರುವುದೇ ಒಳ್ಳೆಯ ಶಾಲೆ ಅಲ್ಲವೇ?
– ನ್ಯೂಜೆರ್ಸಿಯಿಂದ ಒಬ್ಬ ತಾಯಿ

ಉತ್ತರ: ತಾಯಿ, ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಋಣಿ. ಅತಿ ಹೆಚ್ಚು ಜನ ಎಡವುವುದೇ ಇಲ್ಲಿ.

ಪದವಿ ಮುಗಿಸಿದವರ ಪ್ರಮಾಣ, ಎಪಿಎಂಎಲ್‌ಇ ಎಂಬ ಪರವಾನಗಿ ಪರೀಕ್ಷೆಯ ತೇರ್ಗಡೆ, ರೆಸಿಡೆನ್ಸಿ ಸಿಕ್ಕವರ ಪ್ರಮಾಣ, ಈ ಮೂರನ್ನು ಶಾಲೆಗಳು ಬಹಿರಂಗಪಡಿಸುತ್ತವೆ. ಒಳ್ಳೆಯ ಪದ್ಧತಿ. ಆದರೆ ಮೂರರ ಛೇದಗಳೂ, ಅಂದರೆ ಎಷ್ಟು ಮಂದಿಯಲ್ಲಿ ಎಂದು ಎಣಿಸುವ ಒಟ್ಟು ಸಂಖ್ಯೆಗಳೂ, ಬೇರೆ ಬೇರೆ. ಒಂದು ಕಾಲ್ಪನಿಕ ಉದಾಹರಣೆ ಕೊಡುತ್ತೇನೆ. ನಲವತ್ತು ಮಕ್ಕಳು ಸೇರಿದರು ಎನ್ನೋಣ. ಅಂಗರಚನಾಶಾಸ್ತ್ರದಲ್ಲೇ ಸೋತು ನಾಲ್ವರು ಮೊದಲ ವರ್ಷ ಬಿಟ್ಟುಹೋದರು. ಮೂವರು ಒಂದು ವರ್ಷ ಹಿಂದುಳಿದರು. ಉಳಿದ ಮೂವತ್ಮೂರು ಮಂದಿ ಸಕಾಲಕ್ಕೆ ಪದವಿ ಪಡೆದರು, ಎಲ್ಲರಿಗೂ ರೆಸಿಡೆನ್ಸಿ ಸಿಕ್ಕಿತು. ಶಾಲೆ ನೂರಕ್ಕೆ ನೂರು ಎಂದು ಬರೆಯುತ್ತದೆ, ಅದು ಸುಳ್ಳಲ್ಲ. ಆದರೆ ಸೇರಿದ ನಲವತ್ತರ ಲೆಕ್ಕದಲ್ಲಿ ಅದು ಎಂಬತ್ತೆರಡೂವರೆ. ಬಿಟ್ಟುಹೋದ ಆ ನಾಲ್ವರು ಸಾಲದ ಹೊರೆ ಹೊತ್ತು ಮನೆಗೆ ಹೋಗಿದ್ದಾರೆ, ಆ ನೂರಕ್ಕೆ ನೂರರ ಲೆಕ್ಕದಲ್ಲಿ ಅವರು ಇಲ್ಲವೇ ಇಲ್ಲ. ನನ್ನ ಕಣ್ಣು ಮೊದಲು ಹುಡುಕುವುದು ಆ ನಾಲ್ವರನ್ನು.

ಈ ಶಾಲೆಗಳಲ್ಲಿ ಎಂಸಿಎಟಿ ಎಂಬ ವೈದ್ಯಕೀಯ ಪ್ರವೇಶ ಪರೀಕ್ಷೆಯ ಅಂಕದ ಸರಾಸರಿ ಎಂಡಿ ಶಾಲೆಗಳಿಗಿಂತ ಕಡಿಮೆ. ಇದನ್ನು ಹೀಯಾಳಿಕೆಯಾಗಿ ಹೇಳುತ್ತಿಲ್ಲ. ಕಡಿಮೆ ಅಂಕದವರಿಗೂ ಅವಕಾಶ ಕೊಟ್ಟು ಒಳ್ಳೆಯ ವೈದ್ಯರನ್ನಾಗಿ ಮಾಡುವುದು ದೊಡ್ಡ ಕೆಲಸವೇ. ಹಾಗೆ ಸೇರಿಸಿಕೊಂಡ ಶಾಲೆಗೆ ಕೈ ಹಿಡಿದು ನಡೆಸುವ ಹೊಣೆಯೂ ಇದೆ. ಸೋತ ವಿದ್ಯಾರ್ಥಿಗೆ ಯಾರು ಪಾಠ ಹೇಳುತ್ತಾರೆ, ಆ ವರ್ಷವನ್ನು ಮತ್ತೆ ಓದಬೇಕಾದರೆ ಶುಲ್ಕ ಮತ್ತೆ ಕಟ್ಟಬೇಕೇ, ಇವು ಕೇಳಲೇಬೇಕಾದ ಪ್ರಶ್ನೆಗಳು.

ಪರವಾನಗಿ ಪರೀಕ್ಷೆಯ ತೇರ್ಗಡೆ ಪ್ರಮಾಣ ನೋಡುವಾಗ ಅದು ಮೊದಲ ಪ್ರಯತ್ನದ್ದೋ ಎರಡು ಮೂರು ಪ್ರಯತ್ನ ಸೇರಿದ್ದೋ ಎಂದು ಕೇಳಿ. ಎರಡನೆಯ ವರ್ಷದ ಕೊನೆಗೆ ಬರೆಯುವ ಅದರ ಮೊದಲ ಭಾಗವೇ ಎಲ್ಲಕ್ಕಿಂತ ಕಠಿಣವಾದ ಜರಡಿ. ಹೊಸ ಶಾಲೆಯ ಮೊದಲ ತಂಡದಲ್ಲಿ ಮೂವತ್ತು ಮಂದಿ ಇದ್ದರೆ ಇಬ್ಬರು ಫೇಲಾದರೂ ತೇರ್ಗಡೆ ಪ್ರಮಾಣ ಸುಮಾರು ಏಳು ಅಂಶ ಕುಸಿಯುತ್ತದೆ. ಹಾಗಾಗಿ ಒಂದು ವರ್ಷದ ಅಂಕಿ ನೋಡಿ ಹಿಗ್ಗುವುದೂ ಬೇಡ, ಕುಗ್ಗುವುದೂ ಬೇಡ.

ಇನ್ನು ರೆಸಿಡೆನ್ಸಿ. ಅದು ಶಾಲೆಯೊಂದರ ಕೈಯಲ್ಲಿರುವ ವಿಷಯವಲ್ಲ. 2011ರಲ್ಲಿ ಎಲ್ಲ ರೆಸಿಡೆನ್ಸಿಗಳಿಗೂ ಮೂರು ವರ್ಷದ ಒಂದೇ ಮಾದರಿ ಬಂತು. ಅದೇ ಹೊತ್ತಿಗೆ ಓದುವವರ ಸಂಖ್ಯೆಯೂ ಏರಿತ್ತು. ಮುಂದಿನ ಎರಡು ಮೂರು ವರ್ಷ, ಪದವಿ ಕೈಯಲ್ಲಿದ್ದರೂ ರೆಸಿಡೆನ್ಸಿ ಸಿಗದೆ ಹಲವರು ಕೂತರು. ರೆಸಿಡೆನ್ಸಿ ಇಲ್ಲದ ಡಿಪಿಎಂ ಪದವಿಯಿಂದ ಬಹುತೇಕ ರಾಜ್ಯಗಳಲ್ಲಿ ಪರವಾನಗಿ ಸಿಗುವುದಿಲ್ಲ. ನಾಲ್ಕು ವರ್ಷ ಓದಿ, ಪರೀಕ್ಷೆಗಳನ್ನೂ ಪಾಸು ಮಾಡಿ, ತಮ್ಮದಲ್ಲದ ತಪ್ಪಿಗೆ ಕೈಕಟ್ಟಿ ಕೂರಬೇಕಾದವರ ಸಂಕಟ ನೆನೆದರೆ ಇಂದಿಗೂ ಬೇಸರವಾಗುತ್ತದೆ. ಈಚಿನ ವರ್ಷಗಳಲ್ಲಿ ಪರಿಸ್ಥಿತಿ ತಿರುಗಿದೆ: ಅರ್ಜಿ ಹಾಕುವವರೇ ಕಡಿಮೆಯಾಗಿ, ಪದವೀಧರರಿಗಿಂತ ರೆಸಿಡೆನ್ಸಿ ಸ್ಥಾನಗಳೇ ಹೆಚ್ಚಿವೆ. ಆದ್ದರಿಂದ ಇವತ್ತು ನೂರಕ್ಕೆ ನೂರು ಎಂಬುದು ಶಾಲೆಯ ಹೆಚ್ಚುಗಾರಿಕೆಯನ್ನು ಅಷ್ಟಾಗಿ ಹೇಳುವುದಿಲ್ಲ. ಸಿಕ್ಕಿತೇ ಎನ್ನುವುದಕ್ಕಿಂತ ಎಂಥ ಆಸ್ಪತ್ರೆಯಲ್ಲಿ ಸಿಕ್ಕಿತು ಎನ್ನುವುದೇ ಮುಖ್ಯ.

ಪ್ರಶ್ನೆ: ನಾನು ಎಂಬಿಬಿಎಸ್ ಮುಗಿಸಿದ್ದೇನೆ. ಪಾದದ ಶಸ್ತ್ರಚಿಕಿತ್ಸೆಯಲ್ಲಿ ಆಸಕ್ತಿ. ನೇರವಾಗಿ ಅಮೆರಿಕದ ಪೊಡಿಯಾಟ್ರಿ ರೆಸಿಡೆನ್ಸಿಗೆ ಸೇರಬಹುದೇ?
– ಹುಬ್ಬಳ್ಳಿಯ ಯುವ ವೈದ್ಯ

ಉತ್ತರ: ಆಗುವುದಿಲ್ಲ. ಆ ರೆಸಿಡೆನ್ಸಿ ಡಿಪಿಎಂ ಪದವೀಧರರಿಗೆ ಮಾತ್ರ. ನೀವು ಆ ನಾಲ್ಕು ವರ್ಷ ಓದಲೇಬೇಕಾಗುತ್ತದೆ, ಮತ್ತು ಆ ಪದವಿ ಇಲ್ಲಿ ಎಂಬಿಬಿಎಸ್‌ಗೆ ಸಮನಲ್ಲ. ನನ್ನನ್ನು ಕೇಳಿದರೆ, ಇಲ್ಲೇ ಜನರಲ್ ಸರ್ಜರಿ ಅಥವಾ ಆರ್ಥೋಪೆಡಿಕ್ಸ್‌ನಲ್ಲಿ ಸ್ನಾತಕೋತ್ತರ ಪದವಿ ಮಾಡಿ, ಆಮೇಲೆ ಸಕ್ಕರೆ ಕಾಯಿಲೆಯ ಪಾದದಲ್ಲಿ ವಿಶೇಷ ತರಬೇತಿ ಪಡೆಯಿರಿ. ಬೆಂಗಳೂರಿನ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್‌ನಲ್ಲಿ ಪೊಡಿಯಾಟ್ರಿ ವಿಭಾಗವೇ ಇದೆ, ಹೋಗಿ ನೋಡಿಬನ್ನಿ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆಯವರು ಸುಮಾರು ಹತ್ತು ಕೋಟಿ. ನಿಮ್ಮಂಥವರ ಕೆಲಸ ಇಲ್ಲೇ ಬೇಕಾದಷ್ಟು ಕಾದಿದೆ.

ಪ್ರಶ್ನೆ: ಹೊಸ ಪೊಡಿಯಾಟ್ರಿ ಶಾಲೆಯೊಂದರಿಂದ ಸಂದರ್ಶನಕ್ಕೆ ಕರೆ ಬಂದಿದೆ. ಅವರು ನನ್ನನ್ನು ಕೇಳುವುದಕ್ಕೆ ತಯಾರಾಗಿದ್ದೇನೆ. ನಾನು ಅವರನ್ನು ಏನು ಕೇಳಲಿ?
– ಡಲ್ಲಾಸ್‌ನಲ್ಲಿರುವ ಕನ್ನಡದ ವಿದ್ಯಾರ್ಥಿನಿ

ಉತ್ತರ: ನಿಮ್ಮ ಮೂರನೆಯ ಮತ್ತು ನಾಲ್ಕನೆಯ ವರ್ಷ ಎಲ್ಲಿ ಕಳೆಯುತ್ತದೆ ಎಂದು ಕೇಳಿ. ಮೊದಲ ಎರಡು ವರ್ಷದ ಪಾಠವನ್ನು ಯಾವ ಕಟ್ಟಡದಲ್ಲಾದರೂ ಮಾಡಬಹುದು, ಕೈ ಪಳಗುವುದು ಆಸ್ಪತ್ರೆಯಲ್ಲಿ. ಯಾವ ಆಸ್ಪತ್ರೆಗಳೊಂದಿಗೆ ಲಿಖಿತ ಒಪ್ಪಂದ ಆಗಿದೆ, ಯಾವುವು ಇನ್ನೂ ಮಾತುಕತೆಯಲ್ಲಿವೆ? ದೂರದ ಊರುಗಳಿಗೆ ತಿಂಗಳುಗಟ್ಟಲೆ ಹೋಗಬೇಕಾದರೆ ವಸತಿಯ ಖರ್ಚು ಯಾರದು? ಎಂಡಿ ಅಥವಾ ಡಿಒ (ಆಸ್ಟಿಯೋಪತಿ ಪದ್ಧತಿಯ ವೈದ್ಯ ಪದವಿ) ವಿದ್ಯಾರ್ಥಿಗಳ ಜೊತೆ ಕೂತು ಕಲಿಯುವ ಪಾಠಗಳಿವೆಯೇ? ಪೊಮೋನಾದ ಶಾಲೆಯಲ್ಲಿ ಆ ಪದ್ಧತಿ ಇದೆ. ಮುಂದೆ ಕಾಲಿನ ರಕ್ತನಾಳದ ಸರ್ಜನರಿಗೆ ನಡುರಾತ್ರಿ ಫೋನ್ ಮಾಡಬೇಕಾದಾಗ ಆ ಒಡನಾಟದ ಬೆಲೆ ತಿಳಿಯುತ್ತದೆ.

ಸಾಧ್ಯವಾದರೆ ಅರ್ಧ ದಿನ ಅವರ ಕ್ಲಿನಿಕ್‌ನಲ್ಲಿ ಕೂರಲು ಅನುಮತಿ ಬೇಡಿ. ಸಕ್ಕರೆ ಕಾಯಿಲೆಯ ರೋಗಿ ಒಳಗೆ ಬಂದಾಗ ಗಮನಿಸಿ: ವಿದ್ಯಾರ್ಥಿ ಮೊದಲು ಕಂಪ್ಯೂಟರಿನ ಕಡೆ ತಿರುಗುತ್ತಾನೋ, ಅಥವಾ ಕೆಳಗೆ ಕೂತು ರೋಗಿಯ ಎರಡೂ ಕಾಲಿನ ಬೂಟು, ಕಾಲುಚೀಲ ತಾನೇ ಬಿಚ್ಚಿ, ಬೆರಳ ಸಂದುಗಳನ್ನು ಬಿಡಿಸಿ ನೋಡಿ, ಆ ಬೂಟಿನೊಳಗೂ ಒಮ್ಮೆ ಕೈ ಹಾಕಿ ತಡವುತ್ತಾನೋ?