ಹಗಲೆಲ್ಲ ಪಥ್ಯ, ರಾತ್ರಿ ಕದ್ದು ಊಟ

ಪ್ರಶ್ನೆ: ನನಗೆ 24 ವರ್ಷ. ಊರು ಮಂಡ್ಯದ ಹತ್ತಿರ, ಕೆಲಸ ಮೈಸೂರಿನ ಕಾರ್ಖಾನೆಯೊಂದರಲ್ಲಿ. ಗೆಳೆಯರು ‘ಡುಮ್ಮ’ ಎಂದು ಆಡಿಕೊಂಡ ಮೇಲೆ ಜಿಮ್ ಸೇರಿದೆ. ಎರಡು ವರ್ಷದಿಂದ ಮುದ್ದೆ, ಅನ್ನ ಮುಟ್ಟಿಲ್ಲ. ಬೀಗರ ಊಟಕ್ಕೂ ಹೋಗುವುದಿಲ್ಲ. ಹಗಲಿಗೆ ಮೊಟ್ಟೆಯ ಬಿಳಿಭಾಗ, ಪ್ರೋಟೀನ್ ಪುಡಿ ಅಷ್ಟೇ. ಆದರೆ ವಾರದಲ್ಲಿ ಎರಡು ಮೂರು ರಾತ್ರಿ ಸಿಕ್ಕಿದ್ದೆಲ್ಲ ತಿಂದು, ಬೆರಳು ಹಾಕಿ ವಾಂತಿ ಮಾಡುತ್ತೇನೆ. ಇದು ಹುಡುಗಿಯರ ಕಾಯಿಲೆಯಲ್ಲವೇ? ಮನಸ್ಸನ್ನು ಗಟ್ಟಿ ಮಾಡಿಕೊಳ್ಳುವುದು ಹೇಗೆ?

ಉತ್ತರ: ಮಂಡ್ಯದಲ್ಲಿ ಹುಟ್ಟಿ ಎರಡು ವರ್ಷ ಮುದ್ದೆ ಬಿಟ್ಟವರ ಮನಸ್ಸು ಗಟ್ಟಿಯಿಲ್ಲವೆಂದರೆ ನಾನು ನಂಬುವುದಿಲ್ಲ! ರಾತ್ರಿ ನಿಮ್ಮನ್ನು ಅಡುಗೆಮನೆಗೆ ಎಳೆಯುವುದು ಹಗಲಿನ ಹಸಿವು. 1945ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ 36 ಆರೋಗ್ಯವಂತ ಗಂಡಸರನ್ನು ಸುಮಾರು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟು ನೋಡಿದರು. ಅವರಿಗೆ ಊಟದ್ದೇ ಧ್ಯಾನವಾಯಿತು. ಕೆಲವರು ಅಡುಗೆ ಪುಸ್ತಕಗಳನ್ನು ಕೂಡಿಡತೊಡಗಿದರು. ಊಟ ಮರಳಿ ಸಿಕ್ಕಾಗ ಹೊಟ್ಟೆ ಬಿರಿಯುವಂತೆ ತಿಂದರೂ ಹಲವರಿಗೆ ತೃಪ್ತಿಯಾಗಲಿಲ್ಲ.

ಹುಡುಗಿಯರ ಕಾಯಿಲೆ ಎಂಬ ಮಾತು ಸುಳ್ಳು. 1689ರಲ್ಲಿ ಇಂಗ್ಲೆಂಡಿನ ವೈದ್ಯ ರಿಚರ್ಡ್ ಮಾರ್ಟನ್ ಊಟ ತೊರೆದು ಸೊರಗಿದ ಇಬ್ಬರ ಬಗ್ಗೆ ಬರೆದಾಗಲೇ ಅವರಲ್ಲೊಬ್ಬ 16ರ ಹುಡುಗ. ನಮ್ಮಲ್ಲಿ ಮಗಳು ಊಟ ಬಿಟ್ಟರೆ ಮನೆಯವರು ಗಾಬರಿಯಾಗುತ್ತಾರೆ, ಮಗ ಬಿಟ್ಟರೆ ‘ಬಾಡಿ ಮಾಡುತ್ತಿದ್ದಾನೆ’ ಎಂದು ಬೀಗುತ್ತಾರೆ. (ನಮ್ಮ ಗರಡಿಗಳ ಪೈಲ್ವಾನರು ಹಾಲು, ತುಪ್ಪ, ಬಾದಾಮಿ ತಿಂದು ದಸರಾ ಕುಸ್ತಿಗೆ ಇಳಿದವರು, ಹೊಟ್ಟೆಯ ಮೇಲೆ ಎಷ್ಟು ಗೀರು ಮೂಡಿತೆಂದು ಎಣಿಸಿಕೊಂಡು ಕೂತವರಲ್ಲ.)

ನನಗೆ ಹೆಚ್ಚು ಚಿಂತೆ ವಾಂತಿಯದು. ಅದರಿಂದ ರಕ್ತದ ಪೊಟ್ಯಾಸಿಯಂ ಇಳಿದರೆ ಹೃದಯದ ಬಡಿತವೇ ತಾಳ ತಪ್ಪಬಹುದು. ಈ ವಾರವೇ ರಕ್ತ ಪರೀಕ್ಷೆ, ಇಸಿಜಿ ಮಾಡಿಸಿ. ಎದೆ ಡವಗುಟ್ಟಿದರೆ, ಕಣ್ಣು ಕತ್ತಲೆ ಬಂದರೆ ತಕ್ಷಣ ತುರ್ತು ಚಿಕಿತ್ಸೆಗೆ ಹೋಗಿ. ವಾಂತಿಯಾದ ಕೂಡಲೇ ಹಲ್ಲುಜ್ಜಬೇಡಿ, ನೀರಿನಲ್ಲಿ ಬಾಯಿ ಮುಕ್ಕಳಿಸಿ. ಆಮ್ಲ ತಾಗಿದ ಹಲ್ಲು ಉಜ್ಜಿದರೆ ಸವೆಯುತ್ತದೆ.

ಇದು ಬುಲಿಮಿಯಾದಂತೆ, ಅಂದರೆ ಮಿತಿಯಿಲ್ಲದೆ ತಿಂದು ವಾಂತಿ ಮಾಡಿ ಹೊರಹಾಕುವ ಕಾಯಿಲೆಯಂತೆ ಕಾಣುತ್ತದೆ. ಖಚಿತಪಡಿಸಲು ಮನೋವೈದ್ಯರು ನಿಮ್ಮನ್ನು ಎದುರಿಗೇ ನೋಡಬೇಕು. ಮಾತಿನ ಚಿಕಿತ್ಸೆಯಿಂದ ಗುಣ ಕಾಣುವವರು ಬಹಳ. ಅದರ ಮೊದಲ ಪಾಠವೇ ಮೂರು ನಾಲ್ಕು ಗಂಟೆಗೊಮ್ಮೆ ತಪ್ಪದೆ ತಿನ್ನುವುದು. ಹಿಂದಿನ ರಾತ್ರಿ ಏನೇ ಆಗಿರಲಿ, ಬೆಳಗಿನ ತಿಂಡಿ ಬಿಡುವಂತಿಲ್ಲ. ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೂ ಮಂಡ್ಯದ ಮಿಮ್ಸ್‌ನಲ್ಲೂ ಮನೋವೈದ್ಯರಿದ್ದಾರೆ. ಮೊದಲು ಫೋನಿನಲ್ಲೇ ಮಾತಾಡುವುದಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು. ವೈದ್ಯರ ಮುಂದೆ ವಾಂತಿಯ ವಿಷಯವನ್ನು ನೀವಾಗಿಯೇ ಹೇಳಿ. ಗಂಡಸರನ್ನು ಈ ಪ್ರಶ್ನೆ ಕೇಳಲು ನಮ್ಮ ವೈದ್ಯರಲ್ಲೂ ಕೆಲವರಿಗೆ ಹೊಳೆಯುವುದಿಲ್ಲ.